ತಿಪ್ಪೆಯ ಬಿಸಿ, ಹೊಲದ ಕಸುವು

ಪತ್ರ: ‘ಇಲಿ ಜೋಳ ತಿಂದರೆ ಶೇ. 10ರಷ್ಟು ಶಕ್ತಿ ಮಾತ್ರ ಇಲಿಗೆ ಸೇರುತ್ತದೆ ಅಂತ ಪುಸ್ತಕದಲ್ಲಿದೆ. ಉಳಿದ 90 ಎಲ್ಲಿ ಹೋಯಿತು? ತಿಪ್ಪೆಗೊಬ್ಬರ ಹಾಕಿದರೆ ಹೊಲಕ್ಕೆ ಶಕ್ತಿ ಬರುತ್ತದೆ ಅಂತಾರೆ ನಮ್ಮಜ್ಜ. ಹಾಗಾದರೆ ಶಕ್ತಿ ವಾಪಸ್ ಬಂದ ಹಾಗಾಯಿತಲ್ಲ?’
– ಬಿಎಸ್ಸಿ ವಿದ್ಯಾರ್ಥಿನಿ, ಸಿಂದಗಿ, ವಿಜಯಪುರ ಜಿಲ್ಲೆ

ಸಂಪಾದಕರ ಉತ್ತರ: ಅಜ್ಜನ ಮಾತೂ ಸುಳ್ಳಲ್ಲ, ಪುಸ್ತಕದ್ದೂ ಸುಳ್ಳಲ್ಲ. ಪುಸ್ತಕದ ‘ಶಕ್ತಿ’ ಬೇರೆ. ಅಜ್ಜ ಹೇಳುತ್ತಿರುವುದು ಭೂಮಿಯ ಕಸುವು.

ಮೊದಲು ಆ 90ರ ಲೆಕ್ಕ. ಹಿಂಗಾರಿ ಬಿಳಿಜೋಳದ ಹೊಲವನ್ನೇ ತಗೊಳ್ಳಿ. ಇಲಿ ಇಡೀ ಬೆಳೆ ತಿನ್ನುವುದಿಲ್ಲ. ಕಣಿಕೆ ಎತ್ತಿಗೆ, ಬೇರು ಗೆದ್ದಲಿಗೆ. ತಿಂದದ್ದರಲ್ಲೂ ಅರಗದ್ದು ಹಿಕ್ಕೆಯಾಗಿ ಬಿತ್ತು. ಅರಗಿದ್ದರಲ್ಲಿ ದೊಡ್ಡ ಪಾಲು ಓಡಾಟಕ್ಕೆ, ಮೈ ಬೆಚ್ಚಗಿಡೋಕೆ ಖರ್ಚಾಗಿ ಬಿಸಿಯಾಗಿ ಹೋಯಿತು. ಮೈಯಲ್ಲಿ ಉಳಿದದ್ದಷ್ಟೇ ಹಾವಿಗೆ. ಹಾವು ತಣ್ಣನೆಯ ರಕ್ತದ್ದು, ಅದರ ಖರ್ಚು ಕಡಿಮೆ. ಒಂದು ಇಲಿ ನುಂಗಿ ದಿನಗಟ್ಟಲೆ ಸುಮ್ನೆ ಬಿದ್ದಿರಬಲ್ಲದು. ಹಾಗಾಗಿ 10 ಅನ್ನೋದು ಅಂದಾಜು ಸರಾಸರಿ. ಎಲ್ಲ ಕಡೆ ಅಷ್ಟೇ ಇರುವುದಿಲ್ಲ. ಪರೀಕ್ಷೆಯಲ್ಲಿ ಮಾತ್ರ 10 ಅಂತಲೇ ಬರೆಯಿರಿ, ಮಾರ್ಕ್ಸ್ ಯಾಕೆ ಕಳೆದುಕೊಳ್ಳುತ್ತೀರಿ!

ಈ ಲೆಕ್ಕಕ್ಕೆ ದಾರಿ ಹಾಕಿದವರು ಅಮೆರಿಕದ ಪರಿಸರ ವಿಜ್ಞಾನಿ ರೇಮಂಡ್ ಲಿಂಡೆಮನ್. ಅಲ್ಲಿನ ಮಿನ್ನೆಸೋಟ ರಾಜ್ಯದ ಒಂದು ಪುಟ್ಟ ಕೆರೆಯಲ್ಲಿ ಯಾರು ಯಾರನ್ನು ತಿನ್ನುತ್ತಾರೆ ಅಂತ ವರ್ಷಗಟ್ಟಲೆ ನೋಡಿದರು. 1942ರಲ್ಲಿ ಆ ಲೇಖನ ಅಚ್ಚಾಯಿತು. ಅದನ್ನು ನೋಡಲು ಅವರಿರಲಿಲ್ಲ. 27 ತುಂಬುವ ಮೊದಲೇ ತೀರಿಕೊಂಡಿದ್ದರು.

ಈಗ ತಿಪ್ಪೆಗೆ ಬರೋಣ. ಚಳಿಗಾಲದ ಮುಂಜಾನೆ ಅದರೊಳಗೆ ಆಳಕ್ಕೆ ಕೋಲು ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದು ಮುಟ್ಟಿ ನೋಡಿ. ಬೆಚ್ಚಗಿರುತ್ತದೆ. ಸಗಣಿ, ಕಸದಲ್ಲಿ ಉಳಿದಿದ್ದ ಶಕ್ತಿಯನ್ನು ಬ್ಯಾಕ್ಟೀರಿಯಾ, ಬೂಷ್ಟು ತಿಂದು ಬಿಸಿಯಾಗಿ ಹೊರಗೆ ಬಿಡುತ್ತಿವೆ. ನಿಮ್ಮ 90ರ ಒಂದು ಪಾಲು ಅಲ್ಲಿ ಕೈಗೇ ಸಿಕ್ಕಿತು! ಆ ಬಿಸಿಯನ್ನು ಯಾವ ಗಿಡವೂ ಮತ್ತೆ ಆಹಾರ ಮಾಡಿಕೊಳ್ಳಲಾರದು.

ಆದರೆ ಗಿಡಕ್ಕೆ ಬೇಕಾದ ಸಾರಜನಕ, ರಂಜಕ, ಪೊಟ್ಯಾಷ್ ಸಾಕಷ್ಟು ಗೊಬ್ಬರದಲ್ಲೇ ಉಳಿಯುತ್ತವೆ, ಸಾರಜನಕ ಒಂದಷ್ಟು ಗಾಳಿಗೆ ಹೋದರೂ. ಚಕ್ಕಡಿ ಏರಿ ಹೊಲಕ್ಕೆ ವಾಪಸ್ ಹೋಗುವುದು ಅವು. ಅಜ್ಜನ ಕಸುವು ಅದೇ. ಜೋಳದಿಂದ ಎತ್ತಿಗೆ, ಎತ್ತಿನಿಂದ ತಿಪ್ಪೆಗೆ, ತಿಪ್ಪೆಯಿಂದ ಜೋಳಕ್ಕೆ ಅವು ಸುತ್ತುತ್ತಲೇ ಇರುತ್ತವೆ. ಶಕ್ತಿಗೆ ಆ ಸುತ್ತಾಟ ಇಲ್ಲ. ಜೋಳಕ್ಕೆ ಅದು ಪ್ರತಿ ಸಲ ಹೊಸದಾಗಿ ಬಿಸಿಲಿನಿಂದಲೇ ಬರಬೇಕು. ಬಿಸಿಲಿಗೆ ನಮ್ಮ ಕಡೆ ಬರವಿಲ್ಲ, ಅಲ್ವಾ?