ಚಳಿಗಾಲದಲ್ಲಿ ಬಂಡೆಗಳಿರುವ ಕಡಲತೀರದಲ್ಲಿ ಸರ್ಫಿಂಗ್ ಮಾಡಿ, ಅಲ್ಲೇ ಟೆಂಟ್ ಹಾಕಲು ಹೇಗೆ ತಯಾರಾಗಬೇಕು?

ಅಲೆಯ ಎತ್ತರ ಮಾತ್ರ ನೋಡಿ ಹೊರಡಬೇಡಿ. ಎರಡು ಅಲೆಗಳ ನಡುವೆ ಎಷ್ಟು ಸೆಕೆಂಡ್ ಇದೆ ಅನ್ನುವುದೂ ಅಷ್ಟೇ ಮುಖ್ಯ. 8 ಸೆಕೆಂಡಿಗೊಮ್ಮೆ ಬರುವ 2 ಮೀಟರ್ ಅಲೆಗಿಂತ 15 ಸೆಕೆಂಡಿಗೊಮ್ಮೆ ಬರುವ 2 ಮೀಟರ್ ಅಲೆಗೆ ಬಲ ತುಂಬಾ ಜಾಸ್ತಿ. ಅದು ದೂರದ ಬಿರುಗಾಳಿಯಿಂದ ಬಂದದ್ದು.

ದಡದಲ್ಲಿ ಅರ್ಧ ಗಂಟೆ ಸುಮ್ನೆ ನಿಂತು ನೋಡಿ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ನಡುವಿನ ಶಾಂತಿ ಮೋಸ ಮಾಡುತ್ತದೆ. ನೀರಿಗಿಳಿಯುವ ಮೊದಲೇ ಮೇಲೆ ಹತ್ತುವ ಜಾಗ ಗುರುತಿಸಿಕೊಳ್ಳಿ. ಉಬ್ಬರ ಏರಿದಾಗ ಅದು ಮುಳುಗುವಂತಿರಬಾರದು, ಅಲ್ವಾ? ಒಬ್ಬರೇ ಇಳಿಯುವುದಂತೂ ಬೇಡವೇ ಬೇಡ.

ನೀರು 10 ಡಿಗ್ರಿ ಆಸುಪಾಸಿನಲ್ಲಿದ್ದರೆ 5 ಮಿಲಿಮೀಟರ್ ದಪ್ಪದ ವೆಟ್‌ಸೂಟ್ (ನೀರಿನಲ್ಲಿ ಮೈ ಬೆಚ್ಚಗಿಡುವ, ರಬ್ಬರಿನಂಥ ಬಿಗಿ ಉಡುಪು), ಬೂಟು, ಗ್ಲೌಸ್, ತಲೆಗೆ ಹುಡ್ ಬೇಕು. ಬೆರಳುಗಳು ಒಂದಕ್ಕೊಂದು ಕೂಡದೆ ಬಿಡಿಸಿಕೊಂಡು ನಿಂತರೆ ತಕ್ಷಣ ಹೊರಬನ್ನಿ. ಬಂದಮೇಲೂ ಸ್ವಲ್ಪ ಹೊತ್ತು ಮೈ ತಣ್ಣಗಾಗುತ್ತಲೇ ಇರುತ್ತದೆ. ಒಣ ಬಟ್ಟೆ, ಉಣ್ಣೆ ಟೋಪಿ, ಫ್ಲಾಸ್ಕಿನಲ್ಲಿ ಬಿಸಿ ಪಾನೀಯ ಕೈಗೆಟುಕುವಂತಿರಲಿ.

ಟೆಂಟ್ ಕಡಿದಾದ ಬಂಡೆಯ ಬುಡದಲ್ಲಿ ಬೇಡ, ಕಲ್ಲು ಉರುಳಬಹುದು. ಉಬ್ಬರದ ನೀರು ತಂದುಹಾಕಿದ ಪಾಚಿ, ಕಸ ಸಾಲಾಗಿ ಬಿದ್ದಿರುವ ಗೆರೆಗಿಂತ ಸಾಕಷ್ಟು ಮೇಲೆ ಹಾಕಿ. ಎಷ್ಟೇ ಚಳಿಯಿದ್ದರೂ ಒಳಗೆ ಸ್ಟವ್ ಹಚ್ಚಬೇಡಿ. ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯುತ್ತದೆ.