ಬಾಗಿಲು ಹಾಕುವುದಾದರೆ ಪೂರ್ತಿ ಹಾಕಿ

ಓದುಗರೊಬ್ಬರ ಪತ್ರದ ಸಾರ: ಗಂಡ ಹೆಂಡತಿ ಇಬ್ಬರೂ ಸೇರಿ ಆರು ವರ್ಷದಿಂದ ಒಂದು ದಿನದ ಟೂರ್‌ಗಳನ್ನು ನಡೆಸುತ್ತಿದ್ದೇವೆ. ಸ್ವಂತದ್ದೊಂದು ವ್ಯಾನ್ ಇದೆ, ಬೇಕಾದಾಗ ಕರೆಸಿಕೊಳ್ಳುವ ಒಬ್ಬ ಗೈಡ್ ಇದ್ದಾರೆ. ಈ ಆರು ವರ್ಷದಲ್ಲಿ ನಾಲ್ಕು ದಿನ ಒಟ್ಟಿಗೆ ರಜೆ ಅಂತ ಮಾಡಿಲ್ಲ. ಒಂದೆರಡು ದಿನ ಹೋದರೂ ಫೋನ್ ಕೈಯಲ್ಲೇ ಇರುತ್ತದೆ. ಹನ್ನೆರಡು ದಿನ ಹೋಗಿ ಬರೋಣ ಅಂತ ಆಸೆ. ಮುಚ್ಚಿದರೆ ಗಿರಾಕಿಗಳು ಕೈತಪ್ಪುತ್ತಾರಾ? ಗೈಡ್‌ಗೆ ಒಪ್ಪಿಸಿ ಹೋಗಬಹುದಾ? ಆಗಲೇ ಬುಕ್ ಆಗಿರುವವರಿಗೆ ಏನು ಹೇಳುವುದು?

ಸಂಪಾದಕರ ಉತ್ತರ

ಹೋಗಿ ಬನ್ನಿ. ಆರು ವರ್ಷ ನಡೆದ ಕೆಲಸ ಹದಿನೈದು ದಿನಕ್ಕೆ ಕೆಡುವುದಿಲ್ಲ. ಆದರೆ ನಿಮ್ಮ ಪತ್ರದಲ್ಲಿ ‘ಫೋನ್ ಆನ್ ಇಟ್ಟಿರೋಣ, ಯಾರಾದರೂ ಬಂದರೆ ಗೈಡ್‌ನ ಕೇಳಿ ನೋಡೋಣ’ ಎಂಬ ಮಾತಿದೆಯಲ್ಲ, ಅದನ್ನು ಮಾತ್ರ ಮಾಡಬೇಡಿ. ಈ ಅರ್ಧ ಮುಚ್ಚಿದ ಬಾಗಿಲೇ ಸಣ್ಣ ಟೂರ್ ನಡೆಸುವವರ ರಜೆಯನ್ನೂ ಹೆಸರನ್ನೂ ಹಾಳು ಮಾಡುವುದು. ಬೆಳಿಗ್ಗೆ ಬಂದ ವಿಚಾರಣೆ ಸಂಜೆ ನಿಮ್ಮ ಕಣ್ಣಿಗೆ ಬೀಳುತ್ತದೆ, ಗೈಡ್ ಫೋನ್ ಎತ್ತುವುದು ಮಾರನೆಯ ದಿನ, ಗಿರಾಕಿಗೆ ಸಿಗುವುದು ‘ಬಹುಶಃ ಆಗಬಹುದು’ ಅನ್ನುವ ಉತ್ತರ. ಅಷ್ಟರಲ್ಲಿ ಅವರು ಬೇರೆ ಕಡೆ ಹಣ ಕಟ್ಟಿರುತ್ತಾರೆ. ನಿಮಗೆ ದುಡಿಮೆಯೂ ಇಲ್ಲ, ಬಿಡುವೂ ಇಲ್ಲ. ಪೂರ್ತಿ ಮುಚ್ಚಿ, ಇಲ್ಲವೇ ಪೂರ್ತಿ ಇನ್ನೊಬ್ಬರ ಕೈಗೆ ಕೊಡಿ. ಮೊದಲ ಸಲವಾದ್ದರಿಂದ ಮುಚ್ಚುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ; ಕಾರಣ ಮುಂದೆ ಬರುತ್ತದೆ.

ಮೊದಲು ದಿನಾಂಕ. ‘ನಮಗೆ ಯಾವಾಗಲೂ ಕೆಲಸ’ ಅನ್ನುವವರೂ ಲೆಕ್ಕ ತೆಗೆದು ನೋಡಿದರೆ ಸಡಿಲ ವಾರಗಳು ಸಿಗುತ್ತವೆ. ಕಳೆದ ಎರಡು ಮೂರು ವರ್ಷದ ಬುಕ್ಕಿಂಗ್‌ಗಳನ್ನು ವಾರವಾರ ಬರೆದುಕೊಳ್ಳಿ. ಬುಕ್ ಮಾಡಿದ ದಿನ, ಟೂರ್ ನಡೆದ ದಿನ ಎರಡನ್ನೂ ಬರೆಯಿರಿ. ಬ್ಯಾಂಕ್ ಪಟ್ಟಿ ಒಂದನ್ನೇ ನೋಡಿ ನಿರ್ಧರಿಸಿದರೆ ತಪ್ಪುತ್ತೀರಿ, ಏಕೆಂದರೆ ಮುಂಗಡ ಟೂರಿಗಿಂತ ಮೊದಲೇ ಬಂದಿರುತ್ತದೆ; ಹಣ ಬರುವುದು ಕಡಿಮೆಯಾದ ವಾರವೂ ವ್ಯಾನ್ ಖಾಲಿ ನಿಂತ ವಾರವೂ ಒಂದೇ ಅಲ್ಲ.

ಈಗ ಆ ಎರಡು ದಿನಾಂಕಗಳ ಅಂತರವನ್ನು ಪ್ರತಿ ಬುಕ್ಕಿಂಗ್‌ಗೂ ಲೆಕ್ಕ ಹಾಕಿ, ನೂರು ಬುಕ್ಕಿಂಗ್‌ಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ. ತೊಂಬತ್ತನೆಯದು 40 ದಿನ ಅಂತ ಇದ್ದರೆ, ನೂರಕ್ಕೆ ತೊಂಬತ್ತು ಜನ 40 ದಿನದೊಳಗೆ ಬುಕ್ ಮಾಡುವವರು ಎಂದಾಯಿತು. ರಜೆಯನ್ನು 60 ದಿನ ಮೊದಲೇ ಕ್ಯಾಲೆಂಡರಿನಲ್ಲಿ ಮುಚ್ಚಿಬಿಟ್ಟರೆ ಅಡ್ಡ ಬರುವ ಬುಕ್ಕಿಂಗ್ ಒಂದೋ ಎರಡೋ. ಇನ್ನು ಐವತ್ತನೆಯದನ್ನು ನೋಡಿ. ಅದು 9 ದಿನವಾಗಿದ್ದರೆ ಇನ್ನೊಂದು ಮುಖ್ಯ ಸಂಗತಿ ಗೊತ್ತಾಗುತ್ತದೆ: ನೀವು ವಾಪಸ್ ಬಂದ ಮೊದಲ ವಾರದ ಟೂರಿಗೆ ಬರಬೇಕಾದವರಲ್ಲಿ ಬಹಳಷ್ಟು ಜನ ನೀವು ಊರಲ್ಲಿಲ್ಲದಾಗಲೇ ಸೀಟು ಹುಡುಕುತ್ತಿರುತ್ತಾರೆ. ರಜೆ ಮುಗಿಸಿ ಬಂದವರು ‘ಮುಚ್ಚಿದ್ದಕ್ಕೆ ಗಿರಾಕಿ ಹೋದರು’ ಅಂತ ಹೇಳುವುದು ಸಾಮಾನ್ಯವಾಗಿ ಈ ವಾರವನ್ನು ನೋಡಿ. ಮುಚ್ಚಿದ್ದು ಟೂರ್ ಮಾತ್ರ ಆಗಿರಬೇಕಿತ್ತು, ಬುಕ್ಕಿಂಗ್ ಕೂಡ ಮುಚ್ಚಿಹೋಗಿತ್ತು. ಆದ್ದರಿಂದ ರಜೆಯ ನಂತರದ ದಿನಾಂಕಗಳಿಗೆ, ನಿಮ್ಮನ್ನು ಕೇಳದೆ ತಾನಾಗಿ ಖಚಿತವಾಗುವ ಬುಕ್ಕಿಂಗ್ ನಡೆಯುತ್ತಲೇ ಇರಬೇಕು. ನಿಮ್ಮಲ್ಲಿ ಈಗ ಪ್ರತಿ ಬುಕ್ಕಿಂಗನ್ನೂ ಕೈಯಾರೆ ಒಪ್ಪಿಕೊಳ್ಳುವ ಪದ್ಧತಿ ಇದೆ ಅಂತ ಬರೆದಿದ್ದೀರಿ. ರಜೆಗೆ ಎರಡು ತಿಂಗಳು ಮೊದಲೇ ಅದನ್ನು ಬದಲಿಸಿ, ಊರಲ್ಲಿದ್ದಾಗಲೇ ಅಭ್ಯಾಸವಾಗಲಿ.

ಹನ್ನೆರಡು ದಿನದ ಪ್ರವಾಸಕ್ಕೆ ಹದಿನೈದು ದಿನ ಮುಚ್ಚಿ. 4ರಿಂದ 15ರವರೆಗೆ ನೀವು ಹೊರಗಿದ್ದರೆ 3ರಿಂದ 17ರವರೆಗೆ ಟೂರ್ ಇಲ್ಲ. ಹೊರಡುವ ಮುನ್ನ ಒಂದು ದಿನ ಕೈಯಲ್ಲಿರಬೇಕು. ಬಂದ ಮೇಲೆ ಒಂದು ದಿನ ವ್ಯಾನಿಗೆ, ಒಂದು ದಿನ ಬಾಕಿ ಪತ್ರಗಳಿಗೆ. ವಿಮಾನವೋ ರೈಲೋ ತಡವಾದರೆ ನುಂಗಿಕೊಳ್ಳುವುದೂ ಆ ದಿನಗಳನ್ನೇ.

ಮುಚ್ಚುವಾಗ ತಪ್ಪು ನಡೆಯುವ ಜಾಗಗಳು ಗೊತ್ತಿರಲಿ. ಬೆಳಗಿನ ಟೂರ್, ಸಂಜೆಯ ಟೂರ್ ಎರಡನ್ನೂ ಬ್ಲಾಕ್ ಮಾಡಿ, ಒಂದೇ ಕುಟುಂಬಕ್ಕೆಂದು ಮಾಡುವ ಖಾಸಗಿ ಟೂರನ್ನು ಮರೆಯುವುದು ಬಹಳ ಸಾಮಾನ್ಯ, ಅದರ ಕ್ಯಾಲೆಂಡರ್ ಬೇರೆಯೇ ಇರುತ್ತದೆ. ಬುಕ್ಕಿಂಗ್ ತಾಣಗಳ ನಡುವೆ ಕ್ಯಾಲೆಂಡರ್ ಕೊಂಡಿ ಹಾಕಿದ್ದರೆ ಒಂದು ಕಡೆಯ ಬದಲಾವಣೆ ಇನ್ನೊಂದು ಕಡೆ ಕಾಣಲು ಹಲವು ಗಂಟೆ ಹಿಡಿಯಬಹುದು. ಆ ಹೊತ್ತಿನಲ್ಲೇ ಒಂದು ಬುಕ್ಕಿಂಗ್ ನುಸುಳಿಬಿಡುತ್ತದೆ. ಎಲ್ಲ ಕಡೆ ಕೈಯಾರೆ ಮುಚ್ಚಿ, ಮಾರನೆಯ ದಿನ ಬೇರೆಯವರ ಫೋನಿನಿಂದ ಗಿರಾಕಿಯ ಹಾಗೆ ಪ್ರತಿ ತಾಣಕ್ಕೂ ಹೋಗಿ, ರಜೆಯ ನಡುವಿನ ಒಂದು ದಿನವನ್ನು ಬುಕ್ ಮಾಡಲು ನೋಡಿ. ಹಣ ಕಟ್ಟುವ ಪುಟದವರೆಗೂ ಬಿಟ್ಟರೆ ಎಲ್ಲೋ ಕಿಂಡಿ ಉಳಿದಿದೆ ಎಂದರ್ಥ. 18ರ ಮೊದಲ ಟೂರಿಗೆ ಬುಕ್ಕಿಂಗ್ 48 ಗಂಟೆ ಮೊದಲೇ ನಿಲ್ಲುವ ಹಾಗೆ ಇಡಿ. ಇಲ್ಲದಿದ್ದರೆ 17ರ ರಾತ್ರಿ ಹನ್ನೊಂದಕ್ಕೆ ಬುಕ್ ಮಾಡಿದವರು ಬೆಳಿಗ್ಗೆ ಏಳಕ್ಕೆ ನಿಮಗಾಗಿ ಕಾಯುತ್ತಿರುತ್ತಾರೆ. ಟೂರಿನ ಪುಟವನ್ನೇ ತೆಗೆದುಹಾಕುವುದು ಬೇಡ. ದಿನಾಂಕ ಮುಚ್ಚಿದರೆ ಸಾಕು, ಪುಟ ಇರಲಿ.

ಗೂಗಲ್ ನಕ್ಷೆಯಲ್ಲಿ ‘ತಾತ್ಕಾಲಿಕವಾಗಿ ಮುಚ್ಚಿದೆ’ ಎಂದು ಹಾಕಿದರೆ, ಮೂರು ತಿಂಗಳ ನಂತರದ ಪ್ರವಾಸಕ್ಕೆ ಹುಡುಕುವವರಿಗೂ ಅದೇ ಮೊದಲು ಕಾಣುತ್ತದೆ ಎಂಬುದು ನೆನಪಿರಲಿ. ಹಾಕುವುದೇ ಆದರೆ ಪರಿಚಯದ ಸಾಲಿನಲ್ಲಿ ಮತ್ತೆ ತೆರೆಯುವ ದಿನಾಂಕ ಬರೆಯಿರಿ. ಆ ಗುರುತು ತಾನಾಗಿ ಹೋಗುವುದಿಲ್ಲ, ಬಂದ ಮೇಲೆ ನೀವೇ ತೆಗೆಯಬೇಕು. ಜಾಹೀರಾತಿಗೆ ದಿನದ ಲೆಕ್ಕದಲ್ಲಿ ಹಣ ಹೋಗುತ್ತಿದ್ದರೆ ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಕಿಲ್ಲ.

ಆಗಲೇ ಬುಕ್ ಆಗಿರುವವರ ವಿಷಯ. ಹದಿನೈದು ದಿನದಲ್ಲಿ ಚೆದುರಿದ ಹಾಗೆ ನಾಲ್ಕೈದು ಬುಕ್ಕಿಂಗ್ ಇದ್ದರೆ ನೀವು ಆರಿಸಿದ ದಿನಾಂಕವೇ ಸರಿಯಿಲ್ಲ, ರಜೆಯನ್ನು ಸರಿಸಿ, ಜನರನ್ನು ಸರಿಸಬೇಡಿ. ಒಂದೆರಡೇ ಇದ್ದರೆ ಮೊದಲು ಫೋನ್ ಮಾಡಿ ಮಾತಾಡಿ, ಆಮೇಲೆ ಬರೆದು ಕಳಿಸಿ. ಬೇರೆ ದಿನ, ಅಥವಾ ಪೂರ್ತಿ ಹಣ ವಾಪಸ್, ಅಥವಾ ಅದೇ ದಿನ ಬೇರೆಯವರ ಟೂರ್. ಈ ಮೂರನ್ನೂ ಒಂದೇ ಸಲಕ್ಕೆ ಮುಂದಿಡಿ. ರಿಫಂಡ್‌ನಲ್ಲಿ ಪೇಮೆಂಟ್ ಶುಲ್ಕ ಮುರಿದುಕೊಳ್ಳಬೇಡಿ, ತಪ್ಪಿಸುತ್ತಿರುವುದು ನೀವು. ಬುಕ್ಕಿಂಗ್ ತಾಣದ ಮೂಲಕ ಬಂದವರಾದರೆ ಆ ತಾಣದ ಸಂದೇಶದಲ್ಲೇ ಕೇಳಿ, ದಿನ ಬದಲಿಸಲು ಅವರು ಒಪ್ಪುತ್ತಾರೋ ನೋಡಿ. ಕೇಳದೆ ನೀವೇ ರದ್ದು ಮಾಡಿದರೆ ಅದು ನಿಮ್ಮ ಖಾತೆಯಲ್ಲಿ ಟೂರ್ ನಡೆಸುವವರೇ ರದ್ದು ಮಾಡಿದ್ದೆಂದು ದಾಖಲಾಗುತ್ತದೆ, ಮುಂದಿನ ತಿಂಗಳುಗಳಲ್ಲಿ ಅದರ ಪೆಟ್ಟು ಬೀಳಬಹುದು.

ಬೇರೆಯವರ ಟೂರಿಗೆ ಕಳಿಸುವಾಗ ಹಣ ನೇರವಾಗಿ ಅವರ ಕೈಗೇ ಹೋಗಲಿ. ನೀವು ಪಡೆದು ಅವರಿಗೆ ದಾಟಿಸಿದರೆ ಗಿರಾಕಿಯ ಕಣ್ಣಲ್ಲಿ ಟೂರ್ ಮಾರಿದವರು ನೀವೇ. ಅವರ ಗಾಡಿ ಕೆಟ್ಟರೂ ದೂರು ನಿಮ್ಮ ಬಾಗಿಲಿಗೆ. ಕಮಿಷನ್ ಕೇಳುವ ಬದಲು ‘ನೀವು ರಜೆ ಹೋದಾಗ ನಮ್ಮ ಕಡೆ ಕಳಿಸಿ’ ಅಂತ ಮಾತಾಡಿಕೊಳ್ಳಿ. ಅದು ವರ್ಷ ವರ್ಷಕ್ಕೂ ಉಳಿಯುವ ಏರ್ಪಾಡು.

ಗೈಡ್‌ಗೆ ಒಪ್ಪಿಸುವುದು ಏಕೆ ಈ ಸಲ ಬೇಡ? ಅವರು ಟೂರನ್ನು ಚೆನ್ನಾಗಿ ನಡೆಸುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ನಿಮ್ಮ ವ್ಯಾನನ್ನು ಬಾಡಿಗೆ ಪ್ರಯಾಣಿಕರ ಸಮೇತ ಓಡಿಸಲು ಅವರ ಲೈಸೆನ್ಸ್ ಸರಿಹೊಂದುತ್ತದಾ, ವಿಮೆ ಅವರನ್ನು ಒಳಗೊಂಡಿದೆಯಾ, ಅವರಿಗೇ ಜ್ವರ ಬಂದರೆ ಯಾರು, ಗಿರಾಕಿ ಅರ್ಧ ಹಣ ವಾಪಸ್ ಕೇಳಿದರೆ ಕೊಡುವ ಅಧಿಕಾರ ಯಾರದು? ಈ ನಾಲ್ಕಕ್ಕೂ ಬರಹದಲ್ಲಿ ಉತ್ತರ ಇಲ್ಲದಿದ್ದರೆ ದಿನಕ್ಕೆ ಮೂರು ಸಲ ಫೋನ್ ಬರುತ್ತದೆ. ಮುಂದಿನ ವರ್ಷಕ್ಕೆ ಈಗಿಂದಲೇ ತಯಾರಿ ಮಾಡಿ. ತಿಂಗಳಿಗೊಂದು ದಿನ ನೀವಿಬ್ಬರೂ ಊರಲ್ಲೇ ಇದ್ದು ಫೋನ್ ಆರಿಸಿ, ಟೂರ್ ಅವರೊಬ್ಬರೇ ನಡೆಸಲಿ. ಸಂಜೆ ಕೂತು, ಎಲ್ಲೆಲ್ಲಿ ನಿಮ್ಮನ್ನು ಕೇಳಬೇಕೆನಿಸಿತು ಅಂತ ಬರೆಸಿಕೊಳ್ಳಿ. ನಾಲ್ಕೈದು ತಿಂಗಳಲ್ಲಿ ಒಪ್ಪಿಸುವ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ. ಒಂದು ಸೀಟಿನ ದರದವರೆಗೆ ಕೇಳದೆಯೇ ರಿಫಂಡ್ ಕೊಡಬಹುದು ಎಂಬ ಒಂದು ನಿಯಮವೇ ಅರ್ಧ ಕರೆಗಳನ್ನು ಉಳಿಸುತ್ತದೆ. ಈ ಸಲ ಕೆಲಸವಿಲ್ಲದ ಹದಿನೈದು ದಿನಕ್ಕೆ ಅವರಿಗೂ ಏನಾದರೂ ಕೊಡಿ. ನಿಮ್ಮ ರಜೆ ಅವರ ಪಾಲಿಗೆ ಸಂಬಳವಿಲ್ಲದ ಎರಡು ವಾರ. ಇದನ್ನು ಮರೆತವರು ವಾಪಸ್ ಬರುವ ಹೊತ್ತಿಗೆ ಗೈಡ್ ಬೇರೆ ಕಡೆ ಸೇರಿರುತ್ತಾರೆ.

ದುಡ್ಡಿನ ಬಗ್ಗೆ ಒಂದೇ ಎಚ್ಚರಿಕೆ: ಮುಂದಿನ ಟೂರ್‌ಗಳ ಮುಂಗಡದಲ್ಲಿ ರಜೆಗೆ ಹೋಗಬೇಡಿ. ಟೂರ್ ನಡೆಯುವವರೆಗೂ ಅದು ಗಿರಾಕಿಯ ಹಣ, ಬೇರೆ ಖಾತೆಯಲ್ಲಿರಲಿ. ಹದಿನೈದು ದಿನದ ಕಂತು, ವಿಮೆ, ಬಾಡಿಗೆ, ಗೈಡ್‌ಗೆ ಕೊಡುವುದು, ಪ್ರವಾಸದ ಖರ್ಚು ಎಲ್ಲ ಕೂಡಿಸಿ. ವರ್ಷಕ್ಕೆ 150 ದಿನ ಟೂರ್ ಇದ್ದರೆ ಆ ಮೊತ್ತವನ್ನು 150ರಿಂದ ಭಾಗಿಸಿ, ಪ್ರತಿ ಟೂರಿನ ಸಂಜೆ ಅಷ್ಟನ್ನು ತೆಗೆದಿಡಿ. ಡೀಸೆಲ್ ಹೇಗೋ ರಜೆಯೂ ಹಾಗೆಯೇ ಟೂರಿನ ಒಂದು ಖರ್ಚು; ದರ ಕಟ್ಟುವಾಗಲೇ ಸೇರಬೇಕು.

ಇನ್ನು ತಾನಾಗಿ ಹೋಗುವ ಉತ್ತರ. ‘ನಾವು ರಜೆಯಲ್ಲಿದ್ದೇವೆ, ಬಂದ ಮೇಲೆ ಸಂಪರ್ಕಿಸುತ್ತೇವೆ’ ಎಂಬುದು ಗಿರಾಕಿಯ ಯಾವ ಪ್ರಶ್ನೆಗೂ ಉತ್ತರವಲ್ಲ. ಹೀಗೆ ಬರೆಯಿರಿ:

‘ನಮಸ್ಕಾರ. 3ರಿಂದ 17ರವರೆಗೆ ನಮ್ಮ ಟೂರ್‌ಗಳು ಇರುವುದಿಲ್ಲ. 18ರಿಂದ ಇವೆ, ಸೀಟನ್ನು ಈ ಕೊಂಡಿಯಲ್ಲಿ ಈಗಲೇ ಕಾದಿರಿಸಬಹುದು, ಖಚಿತವಾದದ್ದು ಕೂಡಲೇ ತಿಳಿಯುತ್ತದೆ. 18ರಿಂದ 25ರೊಳಗೆ ಆಗಲೇ ಬುಕ್ ಮಾಡಿದ್ದು ಬದಲಾವಣೆ ಬೇಕಿದ್ದರೆ ಈ ನಂಬರಿಗೆ ಸಂದೇಶ ಕಳಿಸಿ. ಉಳಿದ ಪ್ರಶ್ನೆಗಳಿಗೆ 17ರಂದು ಉತ್ತರ ಬರುತ್ತದೆ.’

ಜಿಮೇಲ್‌ನಲ್ಲಿ ಇದನ್ನು ಹಾಕುವಾಗ ‘ಸಂಪರ್ಕ ಪಟ್ಟಿಯಲ್ಲಿರುವವರಿಗೆ ಮಾತ್ರ’ ಎಂಬುದಕ್ಕೆ ಗುರುತು ಬಿದ್ದಿಲ್ಲವೆಂದು ನೋಡಿಕೊಳ್ಳಿ. ಬಿದ್ದಿದ್ದರೆ ಹೊಸ ಗಿರಾಕಿಗೆ ಉತ್ತರವೇ ಹೋಗುವುದಿಲ್ಲ. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಬಹಳ ಜನ ಎಡವುವುದು ಬೇರೆ ಕಡೆ: ಗೈರುಹಾಜರಿ ಸಂದೇಶ ಹೋಗಬೇಕಾದರೆ ಆ ಫೋನಿಗೆ ಇಂಟರ್ನೆಟ್ ಇರಲೇಬೇಕು. ವ್ಯವಹಾರದ ಫೋನನ್ನು ಆರಿಸಿ ಬೀರುವಿನಲ್ಲಿಟ್ಟು ಹೋದರೆ ಗಿರಾಕಿಗೆ ಕಾಣುವುದು ಒಂದೇ ಟಿಕ್, ಹದಿನೈದು ದಿನ ಮೌನ. ಚಾರ್ಜರ್, ವೈಫೈ ಸಮೇತ ಅದನ್ನು ನಂಬಿಕೆಯವರೊಬ್ಬರ ಮನೆಯಲ್ಲಿಡಿ.

ಅವರೇ ನಿಮ್ಮ ಹದಿನೈದು ದಿನದ ಕಣ್ಣು. ದಿನಕ್ಕೆ ಒಮ್ಮೆ, ಇಪ್ಪತ್ತು ನಿಮಿಷ ಸಾಕು. ಹೊಸ ವಿಚಾರಣೆಗೆ ಅವರು ಉತ್ತರಿಸಬೇಕಿಲ್ಲ. ಬದಲಾವಣೆ ಕೇಳಿ ಬಂದ ಸಂದೇಶಗಳ ಜತೆಗೆ ಅವರು ಹುಡುಕಿ ನಿಮಗೆ ತಿಳಿಸಬೇಕಾದದ್ದು ಎರಡೇ. ಒಂದು, ನಿಮ್ಮ ಕಣ್ಣು ತಪ್ಪಿ ರಜೆಯೊಳಗೆ ಬಿದ್ದ ಬುಕ್ಕಿಂಗ್. ಇನ್ನೊಂದು, ಕಾರ್ಡ್ ಹಣದ ಬಗ್ಗೆ ಗಿರಾಕಿ ಬ್ಯಾಂಕಿನಲ್ಲಿ ಎತ್ತಿದ ತಕರಾರು. ಅಂಥ ನೋಟಿಸಿಗೆ ಉತ್ತರಿಸಲು ಸಿಗುವ ಗಡುವು ಕೆಲವೊಮ್ಮೆ ಒಂದೇ ವಾರ; ದಾಟಿದರೆ ದಾಖಲೆ ನಿಮ್ಮ ಪರವಾಗಿದ್ದರೂ ಹಣ ಹೋಯಿತು. ಅವರಿಗೆ ನಿಮ್ಮ ಪಾಸ್‌ವರ್ಡ್ ಕೊಡುವ ಬದಲು ಬುಕ್ಕಿಂಗ್ ವ್ಯವಸ್ಥೆಯಲ್ಲಿ ಬೇರೆ ಬಳಕೆದಾರರಾಗಿ ಸೇರಿಸಿ, ನೋಡುವ ಅನುಮತಿಯಷ್ಟೇ ಕೊಡಿ. ಒಟಿಪಿ ಬರುವ ಸಿಮ್ ಎಲ್ಲಿರುತ್ತದೆ ಎಂದು ಮೊದಲೇ ಯೋಚಿಸಿ. ಗೂಗಲ್ ಖಾತೆ ಒಟಿಪಿ ಬದಲು ಒಮ್ಮೆ ಮಾತ್ರ ಬಳಸಬಹುದಾದ 10 ಬ್ಯಾಕಪ್ ಕೋಡ್‌ಗಳನ್ನು ಕೊಡುತ್ತದೆ. ಕಾಗದದಲ್ಲಿ ಬರೆದು ಪಾಸ್‌ಪೋರ್ಟಿನ ಜತೆ ಇಟ್ಟುಕೊಳ್ಳಿ.

ವ್ಯಾನನ್ನು ಹಾಗೇ ನಿಲ್ಲಿಸಿ ಹೋಗಬೇಡಿ. ಜಿಪಿಎಸ್ ಟ್ರ್ಯಾಕರ್, ಡ್ಯಾಶ್‌ಕ್ಯಾಮ್ ಇರುವ ಗಾಡಿ ನಿಂತಲ್ಲೇ ಕರೆಂಟ್ ಕುಡಿಯುತ್ತಿರುತ್ತದೆ. ಎಲ್ಲ ಸೇರಿ 50 ಮಿಲಿಆಂಪಿಯರ್ ಅಂದುಕೊಂಡರೂ ದಿನಕ್ಕೆ 1.2, ಹದಿನೈದು ದಿನಕ್ಕೆ 18 ಆಂಪಿಯರ್-ಅವರ್. 60ರ ಬ್ಯಾಟರಿಯಲ್ಲಿ ಅದು ಮೂರನೇ ಒಂದು ಪಾಲಿಗೆ ಹತ್ತಿರ. ಬ್ಯಾಟರಿ ಹಳೆಯದಾಗಿದ್ದರೆ 18ರ ಬೆಳಿಗ್ಗೆ ಸ್ಟಾರ್ಟ್ ಆಗದೇ ಇರಬಹುದು. ಹೊರಡುವ ಮುನ್ನ, ಎಂಜಿನ್ ಆರಿಸಿ ಕೆಲವು ಗಂಟೆ ಕಳೆದ ಮೇಲೆ ಅಳೆಯಿರಿ: 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2ಕ್ಕೆ ಇಳಿದಿದ್ದರೆ ಅರ್ಧವಷ್ಟೇ. ಬಿಚ್ಚುವುದಾದರೆ ಮೊದಲು ನೆಗೆಟಿವ್, ಹಾಕುವಾಗ ಅದನ್ನು ಕೊನೆಗೆ; ಪಾಸಿಟಿವ್ ಮೊದಲು ಬಿಚ್ಚುವಾಗ ಸ್ಪಾನರ್ ಗಾಡಿಯ ಲೋಹಕ್ಕೆ ತಾಗಿದರೆ ಕಿಡಿ ಹಾರುತ್ತದೆ. ತೊಳೆದ ಕೂಡಲೇ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದರೆ ತೇವಕ್ಕೆ ತುಕ್ಕು ಹಿಡಿದು ಬ್ರೇಕ್ ಕಚ್ಚಿಕೊಳ್ಳುತ್ತದೆ. ಸ್ವಲ್ಪ ದೂರ ಓಡಿಸಿ ಬ್ರೇಕ್ ಒಣಗಿಸಿ, ಸಮತಟ್ಟು ಜಾಗದಲ್ಲಿ ಗೇರ್ ಹಾಕಿ, ಚಕ್ರಕ್ಕೆ ಅಡೆ ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು ನಿಲ್ಲಿಸಿ.

16ರಂದು ವ್ಯಾನ್ ಸ್ಟಾರ್ಟ್ ಮಾಡಿ, ಟೈರಿನ ಗಾಳಿ ನೋಡಿ, ಒಂದು ಸುತ್ತು ಓಡಿಸಿ ಬನ್ನಿ. 17ರಂದು ಪತ್ರಗಳು. ಹಳೆಯದರಿಂದ ಶುರು ಮಾಡಬೇಡಿ. ಮೊದಲು 18ರಿಂದ ಒಂದು ವಾರದೊಳಗೆ ಟೂರ್ ಇರುವವರಿಗೆ ಹೊತ್ತು, ಹತ್ತುವ ಜಾಗ ಖಚಿತಪಡಿಸಿ. ಆಮೇಲೆ ಕಳೆದ ಎರಡು ದಿನದ ವಿಚಾರಣೆಗಳು, ಅವರಲ್ಲಿ ಹೆಚ್ಚಿನವರು ಇನ್ನೂ ಬೇರೆ ಕಡೆ ಬುಕ್ ಮಾಡಿರುವುದಿಲ್ಲ. ಹತ್ತು ದಿನದ ಹಿಂದಿನವು ಕೊನೆಗೆ. ಗೂಗಲ್ ಗುರುತು ತೆಗೆಯಿರಿ, ಆಟೋ ರಿಪ್ಲೈ ನಿಲ್ಲಿಸಿ, ಬುಕ್ಕಿಂಗ್ ಅವಧಿಯ 48 ಗಂಟೆಯನ್ನು ಮೊದಲಿನಷ್ಟಕ್ಕೆ ತನ್ನಿ. ಅದೇ ಸಂಜೆ, ಕ್ಯಾಲೆಂಡರ್ ಹೇಗೂ ತೆರೆದಿರುತ್ತದೆ, ಮುಂದಿನ ವರ್ಷದ ಹದಿನೈದು ದಿನವನ್ನೂ ಬ್ಲಾಕ್ ಮಾಡಿಬಿಡಿ.