ವಿಜಯಪುರಕ್ಕೆ ವರ್ಗವಾಗಿ ಬರುವವರಿಗೆ, ಭೀಮೆಯ ಈಚೆ ದಂಡೆಯಿಂದ

ವಿಜಯಪುರಕ್ಕೆ ವರ್ಗವಾಗಿದೆ, ಟಿವಿ ನೋಡಿ ಹೆದರಿಕೆಯಾಗುತ್ತದೆ, ಸಂಸಾರ ಸಮೇತ ಬರಬಹುದೇ, ಪ್ಲಾಟ್ ತಗೊಳ್ಳಬಹುದೇ ಅಂತ ಕೇಳಿದ್ದೀರಿ. ಬರ್ರಿ ಸರ. ಮನೆಯವರನ್ನು, ಮಕ್ಕಳನ್ನು ಕರಕೊಂಡೇ ಬರ್ರಿ. ಟಿವಿಯಲ್ಲಿ ನೀವು ನೋಡಿದ ಗುಂಡು, ಮಚ್ಚು, ಕೊಲೆ ಯಾವುದೂ ಸುಳ್ಳಲ್ಲ. ಆದರೆ ಯಾರು ಯಾರನ್ನು ಯಾತಕ್ಕೆ ಹೊಡೆಯುತ್ತಾರೆ ಅನ್ನುವುದನ್ನು ಟಿವಿಯವರು ಹೇಳುವುದಿಲ್ಲ. ಸಂಸಾರ ಹೂಡಲು ಬರುವ ನಿಮಗೆ ಗೊತ್ತಿರಬೇಕಾದದ್ದು ಅದೇ.

ಹೊಳೆಯಿಂದ ಶುರು ಮಾಡುತ್ತೇನೆ. ಜಿಲ್ಲೆಯ ಉತ್ತರಕ್ಕೆ ಭೀಮೆ ಹರಿಯುತ್ತಾಳೆ. ಆಚೆ ದಂಡೆಗೆ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ, ಈಚೆಗೆ ನಮ್ಮ ಚಡಚಣ, ಇಂಡಿ. ಮಳೆ ನೆಚ್ಚಿಕೊಂಡು ಜೋಳ ಬಿತ್ತುತ್ತಿದ್ದ ಎರೆಹೊಲಗಳಿಗೆ ಹೊಳೆಯ ನೀರು ಹತ್ತಿದ ಮೇಲೆ ಕಬ್ಬು ಬಂತು, ಕಬ್ಬಿನ ಬೆನ್ನಿಗೆ ರೊಕ್ಕ ಬಂತು, ಹೊಳೆಯ ಮರಳೂ ರೊಕ್ಕವಾಯಿತು. ಹೊಲದ ಬದುವಿನ ಜಗಳಕ್ಕೆ ಆಮೇಲೆ ಬೇರೆಯೇ ಬೆಲೆ ಬಂತು. ಬಾಂದಗಲ್ಲು ಒಂದು ಮಾರು ಸರಿಯಿತು ಅಂತ ದೊಡ್ಡಪ್ಪನ ಮಕ್ಕಳು, ಚಿಕ್ಕಪ್ಪನ ಮಕ್ಕಳು ಮಾತು ಬಿಡುತ್ತಾರೆ. ಒಬ್ಬ ಕೋರ್ಟಿಗೆ ಹೋಗುತ್ತಾನೆ, ಕೇಸು ವರ್ಷಗಟ್ಟಲೆ ಎಳೆಯುತ್ತದೆ, ನಡುವೆ ಒಂದು ಹೆಣ ಬೀಳುತ್ತದೆ. ಜಾಮೀನಿನ ಮೇಲೆ ಹೊರಗೆ ಬಂದವನಿಗಾಗಿ ಸತ್ತವನ ಮನೆಯವರು ಕಾಯುತ್ತಾರೆ. ಸೇಡು ಹೀಗೆ ಅಪ್ಪನಿಂದ ಮಗನಿಗೆ ಇಳಿಯುತ್ತದೆ. ಮಧ್ಯಪ್ರದೇಶದ ಕಡೆಯಿಂದ ಬರುವ ಕಂಟ್ರಿ ಪಿಸ್ತೂಲ್ ಈ ಸೇಡಿನ ಕೈಗೆ ಸಿಕ್ಕಿದ್ದರಿಂದ, ಕೊಡಲಿಯ ಪೆಟ್ಟಿನಲ್ಲಿ ಬದುಕಿ ಉಳಿಯುತ್ತಿದ್ದವರೂ ಸಾಯತೊಡಗಿದರು.

ಇದು ಹಳ್ಳಿಯಲ್ಲಿ ಉಳಿಯಲಿಲ್ಲ. 2013ರಲ್ಲಿ ನಮ್ಮೂರಿನ ನಗರಸಭೆ ಮಹಾನಗರ ಪಾಲಿಕೆಯಾಯಿತು. ಸೊಲ್ಲಾಪುರ ರಸ್ತೆ, ಅಥಣಿ ರಸ್ತೆ, ರಿಂಗ್ ರೋಡ್ ಗುಂಟ ಹೊಲಗಳೆಲ್ಲ ಪ್ಲಾಟ್ ಆದವು. ಎಕರೆ ಲೆಕ್ಕದಲ್ಲಿ ಮಾತಾಡುತ್ತಿದ್ದವರು ಗುಂಟೆ, ಚದರಡಿ ಅನ್ನತೊಡಗಿದರು. ಹೊಳೆಸಾಲಿನಲ್ಲಿ ತೋಳ್ಬಲ ಗಳಿಸಿದವರಿಗೆ ಇಲ್ಲಿ ಕೆಲಸ ಸಿಕ್ಕಿತು: ಜಾಗ ಕಬ್ಜಾ ಮಾಡುವುದು, ಕಬ್ಜಾ ಬಿಡಿಸುವುದು, ಬಡ್ಡಿ ವಸೂಲಿ. 2017ರ ಆಗಸ್ಟ್‌ನಲ್ಲಿ ನಗರದ ಕೋರ್ಟ್ ಆವರಣದಲ್ಲೇ ಒಬ್ಬನ ಮೇಲೆ ಗುಂಡು ಹಾರಿತು. ಅವತ್ತು ಬದುಕಿದವನನ್ನು 2025ರ ಫೆಬ್ರುವರಿಯಲ್ಲಿ ಇದೇ ನಗರದಲ್ಲಿ ಕೊಂದರು. ಈ ನಡುವೆ, 2020ರ ನವೆಂಬರ್‌ನಲ್ಲಿ, ಊರ ಹೊರಗೆ ಕನ್ನಾಳ ಕ್ರಾಸ್ ಹತ್ತಿರ ಒಂದು ಕಾರಿಗೆ ಟಿಪ್ಪರ್ ಗುದ್ದಿಸಿ ಗುಂಡು ಹಾರಿಸಿದ್ದರು. ಹೆಸರು ಬರೆಯಲು ನನಗೆ ಮನಸ್ಸಿಲ್ಲ, ಹೆಸರು ದೊಡ್ಡದಾದಷ್ಟೂ ಹುಡುಗರು ಅದರ ಹಿಂದೆ ಹೋಗುತ್ತಾರೆ. ತಲವಾರಿನಲ್ಲಿ ಕೇಕ್ ಕತ್ತರಿಸಿ ರೀಲ್ಸ್ ಹಾಕುವ ಮೀಸೆ ಮೂಡದ ಹುಡುಗರನ್ನು ನೋಡಿದಾಗ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕೊಂದವನ ಮನೆಯಲ್ಲೂ ಸತ್ತವನ ಮನೆಯಲ್ಲೂ ಕೋರ್ಟಿಗೆ, ಜೈಲಿಗೆ ಅಲೆಯುವವರು ಹೆಂಗಸರೇ. ಹೊಲ ಮಾರಿ ವಕೀಲರ ಫೀ ಕಟ್ಟಿದ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ.

ಈ ಜಗಳಗಳಲ್ಲಿ ನಿಮ್ಮಂಥ ನೌಕರಿಯವರ ಮೈಗೆ ಗುಂಡು ತಾಗುವುದು ತೀರ ಅಪರೂಪ. ಎಲ್ಲರನ್ನೂ ಹೆದರಿಸಿದ್ದು ಕಳ್ಳತನ. 2025ರ ಜನವರಿಯಲ್ಲಿ ಹೊರವಲಯದ ಬಡಾವಣೆಗಳಲ್ಲಿ ಮುಸುಕುಧಾರಿಗಳ ಭಯ ಎದ್ದಾಗ ಓಣಿಯ ಹುಡುಗರು ಬಡಿಗೆ, ಬ್ಯಾಟರಿ ಹಿಡಿದು ರಾತ್ರಿ ಗಸ್ತು ತಿರುಗಿದರು. ಹೊಸ ಬಡಾವಣೆ ಅಂದರೆ ನಾಲ್ಕು ಮನೆ, ನಡುವೆ ಹತ್ತು ಖಾಲಿ ಪ್ಲಾಟು, ಆಳೆತ್ತರದ ಜಾಲಿ, ಉರಿಯದ ಬೀದಿದೀಪ. ಕಳ್ಳನಿಗೆ ಇದಕ್ಕಿಂತ ಏನು ಬೇಕು?

ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯದೇ ಊರಾದ ಮನಗೂಳಿಯ ಕೆನರಾ ಬ್ಯಾಂಕಿನಿಂದ ಸುಮಾರು 59 ಕೆ.ಜಿ. ಬಂಗಾರ ಹೋಯಿತು. ಆ ಶಾಖೆಯಲ್ಲಿ ಹಿಂದೆ ಮ್ಯಾನೇಜರ್ ಆಗಿದ್ದವನನ್ನೇ ಪೊಲೀಸರು ಹಿಡಿದರು. ಸೆಪ್ಟೆಂಬರ್ 16ಕ್ಕೆ ಚಡಚಣದ ಸ್ಟೇಟ್ ಬ್ಯಾಂಕಿನ ಸರದಿ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಮಿಲಿಟರಿ ಬಣ್ಣದ ಬಟ್ಟೆ ತೊಟ್ಟವರು ಪಿಸ್ತೂಲ್ ಹಿಡಿದು ನುಗ್ಗಿ, ಸಿಬ್ಬಂದಿಯನ್ನು ಕಟ್ಟಿಹಾಕಿ, ಬಂಗಾರ, ನಗದು ಎರಡನ್ನೂ ಒಯ್ದರು. ಪೇಪರಿನಲ್ಲಿ ಬ್ಯಾಂಕಿನ ಬಂಗಾರ ಅಂತ ಬರುತ್ತದೆ. ಅದು ಬ್ಯಾಂಕಿನದಲ್ಲ. ಬಿತ್ತನೆ ಬೀಜಕ್ಕೆ, ಬೋರ್‌ವೆಲ್ಲಿಗೆ, ಮಗಳ ಫೀಸಿಗೆ ಅಂತ ರೈತರ ಹೆಣ್ಣುಮಕ್ಕಳು ಕೊರಳಿಂದ ಬಿಚ್ಚಿ ಅಡವಿಟ್ಟದ್ದು. ಬ್ಯಾಂಕು ಹಣ ತುಂಬಿ ಕೊಟ್ಟರೂ ಅವ್ವನ ಕಾಲದ ಬೋರಮಾಳ ಸರ ಕರಗಿಹೋಗಿದ್ದರೆ ಅದು ಮತ್ತೆ ಬರುವುದಿಲ್ಲ.

ಚಡಚಣದ ದರೋಡೆಕೋರರ ಗಾಡಿ ಸಿಕ್ಕಿದ್ದು ಗಡಿಯಾಚೆ ಮಂಗಳವೇಢೆ ತಾಲ್ಲೂಕಿನ ಹುಲಜಂತಿಯಲ್ಲಿ. ಹುಲಜಂತಿ ನಮಗೆ ಪರ ಊರಲ್ಲ. ದೀಪಾವಳಿಗೆ ಮಾಳಿಂಗರಾಯನ ಜಾತ್ರೆಗೆ ನಮ್ಮ ಹಳ್ಳಿಗಳ ಜನ ಹಿಂಡುಗಟ್ಟಿ ಅಲ್ಲಿಗೆ ಹೋಗುತ್ತಾರೆ. ಜತ್ತ, ಅಕ್ಕಲಕೋಟೆ, ಮಂಗಳವೇಢೆಯ ಜೊತೆ ಹೆಣ್ಣು ಕೊಟ್ಟು ತಂದುಕೊಳ್ಳುವ ಸಂಬಂಧವಿದೆ, ದೊಡ್ಡ ದವಾಖಾನೆಗೆ, ಮದುವೆ ಸಂತೆಗೆ ಸೊಲ್ಲಾಪುರವೇ ಹತ್ತಿರ. ಗಡಿ ನಮ್ಮ ಓಡಾಟಕ್ಕೆ ಅಡ್ಡಿಯಲ್ಲ. ಅಡ್ಡಿಯಾಗುವುದು ಪೊಲೀಸರಿಗೆ: ಆಚೆ ರಾಜ್ಯದ ಠಾಣೆಗೆ ತಿಳಿಸಬೇಕು, ಅಲ್ಲಿಯವರ ಜೊತೆ ಹೋಗಬೇಕು. ಆ ಹೊತ್ತಿಗೆ ತಪ್ಪು ಮಾಡಿದವನು ಎರಡು ತಾಲ್ಲೂಕು ದಾಟಿರುತ್ತಾನೆ. ಚಡಚಣದ ಕೇಸಿನಲ್ಲಿ ಎರಡೂ ಕಡೆಯವರು ಕೂಡಿ ಹುಡುಕಿದ್ದರಿಂದ ಕಳುವಾದದ್ದರಲ್ಲಿ ಒಂದಷ್ಟು ಸಿಕ್ಕಿತು. ದರೋಡೆ ಆದ ಮೇಲೆ ಕೂಡುವುದಕ್ಕಿಂತ ದಿನಾ ಕೂಡಿರಲಿ ಅಂತ ನಾವು ಕೇಳುತ್ತಲೇ ಇದ್ದೇವೆ.

ಇನ್ನು ನಿಮ್ಮ ಮನೆಯ ವಿಷಯ. ಬಾಡಿಗೆಗೆ ಊರೊಳಗಿನ ತುಂಬಿದ ಓಣಿ ಹುಡುಕಿರಿ, ಅಗ್ಗ ಅಂತ ರಿಂಗ್ ರೋಡಿನ ಆಚೆ ಹೋಗಬೇಡಿ. ಮಗಳು ಸಂಜೆ ಟ್ಯೂಷನ್ನಿಗೆ ಹೋಗಿ ಬರಲು ಯಾವ ತೊಂದರೆಯೂ ಇಲ್ಲ. ಗೋಳಗುಮ್ಮಟದ ಸುತ್ತ, ಸ್ಟೇಷನ್ ರಸ್ತೆಯಲ್ಲಿ ಹೊತ್ತು ಮುಳುಗಿದ ಮೇಲೂ ಹೆಣ್ಣುಮಕ್ಕಳು ಸ್ಕೂಟಿ ಮೇಲೆ ಓಡಾಡುತ್ತಾರೆ. ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಹೇಳಿ ಹೋಗಿರಿ, ನಮ್ಮ ಜನ ಕಾಯುತ್ತಾರೆ. ವಾರದ ಬಡ್ಡಿಯವರ ಹತ್ತಿರ ಮಾತ್ರ ಎಂಥಾ ಅಡಚಣೆ ಬಂದರೂ ಕೈ ಒಡ್ಡಬೇಡಿ.

ಪ್ಲಾಟ್ ತಗೊಳ್ಳುವ ಆಸೆ ಇದೆ ಅಂದಿರಿ. ಪೇಟೆ ದರಕ್ಕಿಂತ ಕಡಿಮೆಗೆ ಕೊಡುತ್ತೇನೆ ಅಂದವನನ್ನೇ ಮೊದಲು ಸಂಶಯಪಡಿರಿ. ಸತ್ತವರ ಹೆಸರಿನಲ್ಲಿ ಆಧಾರ್ ಮಾಡಿಸಿ ಖರೀದಿ ಹಾಕಿಸುವವರಿದ್ದಾರೆ, ಒಂದೇ ಜಾಗವನ್ನು ಇಬ್ಬರಿಗೆ ಮಾರುವವರಿದ್ದಾರೆ. ಜಾಗ ಯಾರ ಹೆಸರಿಗಿದೆ ಅಂತ ತೋರಿಸುವ ಉತಾರೆ, ಹೊಲವನ್ನು ಕೃಷಿಯೇತರ ಮಾಡಿದ ಎನ್‌ಎ ಆದೇಶ, ಜಾಗದ ಮೇಲೆ ಸಾಲ ಇದೆಯೋ ಅಂತ ತೋರಿಸುವ ಋಣಭಾರ ಪತ್ರ ಮೂರನ್ನೂ ಕಚೇರಿಯಿಂದ ನೀವೇ ತೆಗೆಸಿರಿ, ಮಾರುವವನು ಕೊಟ್ಟ ಝೆರಾಕ್ಸ್ ನಂಬಬೇಡಿ. ಅಕ್ಕಪಕ್ಕದ ಹೊಲದವರನ್ನು ಕೇಳಿದರೆ ಜಾಗಕ್ಕೆ ತಂಟೆ ಇದೆಯೋ ಇಲ್ಲವೋ ಅನ್ನುವುದು ಒಂದೇ ಮಾತಿನಲ್ಲಿ ಗೊತ್ತಾಗುತ್ತದೆ. ಮುಂಗಡ ಕೊಡುವ ಮೊದಲು ಕಾಗದ ನನಗೆ ಕಳಿಸಿರಿ, ಇಲ್ಲಿ ನನಗೆ ಗೊತ್ತಿರುವ ವಕೀಲರಿದ್ದಾರೆ, ಕೂಡಿ ನೋಡೋಣ.